ಸೈನ್ಯವಿಲ್ಲದ ದೇಶದ ಪೊಲೀಸಪ್ಪ

ಕಳೆದ ತಿಂಗಳು ಮಗಳ ಮಂಡಿನೋವಿಗೆಂದು ಮೆನ್ಲೋ ಪಾರ್ಕಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಬೇಕಾಯಿತು. ಫೋನು ತೋರಿಸಿದ ದಾರಿ ಹಿಡಿದು ಬಂದು, ಕಾರು ನಿಲ್ಲಿಸಿ, ತಲೆಯೆತ್ತಿ ನೋಡಿದರೆ ಅದೇ ಕಟ್ಟಡ. ಬಣ್ಣ ಬದಲಾಗಿದೆ, ಮುಂದಿದ್ದ ಕಾರಂಜಿ ಇಲ್ಲ. ಒಳಗೆ ಕಾಲಿಟ್ಟರೆ ಎಡಕ್ಕೆ ಅದೇ ಉದ್ದನೆಯ ಮೇಜು. ಅದರ ಹಿಂದೆ ಕೂತಿದ್ದ ಹುಡುಗಿ ಒಂದು ಪುಸ್ತಕ ಮುಂದಕ್ಕೆ ತಳ್ಳಿ ಸೈನ್ ಮಾಡಿ ಅಂದಳು. ನನ್ನ ಕೈ ಮೇಲೇಳಲಿಲ್ಲ.

"ಅಮ್ಮಾ, ಜಸ್ಟ್ ಸೈನ್ ಇಟ್" ಎಂದಳು ಮಗಳು. ಮಾಡಿದೆ. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮುಕ್ಕಾಲು ಗಂಟೆ ಆ ಲಾಬಿಯಲ್ಲಿ ಒಬ್ಬಳೇ ಕೂತಿದ್ದೆ. ಕೈಯಲ್ಲಿದ್ದ ಪತ್ರಿಕೆಯ ಒಂದು ಪುಟವನ್ನೂ ತಿರುವಿ ಹಾಕಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಆ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಬಾಗಿಲು, ಕಿಟಕಿ, ಪೇಂಟು ಮಾರುವ ಕಂಪನಿ. ನಾನಿದ್ದಷ್ಟು ದಿನ ಎಷ್ಟು ಬಾಗಿಲು ಮಾರಿದೆವೋ ದೇವರೇ ಬಲ್ಲ, ಆದರೆ ಶುಕ್ರವಾರ ಮಧ್ಯಾಹ್ನದ ಊಟ ಮಾತ್ರ ಕಂಪನಿಯದೇ ಇರುತ್ತಿತ್ತು. ನಾನು ಟೆಸ್ಟಿಂಗ್ ವಿಭಾಗದವಳು. ನಾವು ಏಳೆಂಟು ಜನ ಕನ್ನಡದವರಿದ್ದೆವು. ಹೆಚ್ಚಿನವರು ಬೆಂಗಳೂರು, ಮೈಸೂರಿನ ಕಡೆಯವರು, ಪ್ರೊಫೆಸರರ ಮಕ್ಕಳು, ಡಾಕ್ಟರರ ಮಕ್ಕಳು. ನಾನು ಮಂಡ್ಯದ ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಹೆಡ್ ಕಾನ್‌ಸ್ಟೇಬಲ್. ಯಾರಾದರೂ ಕೇಳಿದರೆ "ಗೌರ್ಮೆಂಟ್ ಸರ್ವೀಸು" ಅನ್ನುತ್ತಿದ್ದೆ. ಯಾವ ಡಿಪಾರ್ಟ್‌ಮೆಂಟು ಅಂದರೆ "ಹೋಮ್ ಡಿಪಾರ್ಟ್‌ಮೆಂಟು" ಅನ್ನುತ್ತಿದ್ದೆ. ಸುಳ್ಳು ಹೇಳದೆ ಸತ್ಯ ಮುಚ್ಚಿಡುವುದು ನನಗೆ ಮೊದಲಿಂದಲೂ ಚೆನ್ನಾಗಿ ಬರುತ್ತಿತ್ತು.

ನಿಜ ಹೇಳಿದ್ದು ಒಬ್ಬರಿಗೆ ಮಾತ್ರ, ಕೆಳಗೆ ಲಾಬಿಯಲ್ಲಿ ಕೂರುತ್ತಿದ್ದ ಸೆಕ್ಯುರಿಟಿಯವರಿಗೆ. ಅವರ ಹೆಸರು ಎಮಿಲಿಯೋ. ಐವತ್ತೈದು ದಾಟಿದವರು, ತೆಳು ಮೀಸೆ. ಸೆಕ್ಯುರಿಟಿ ಏಜೆನ್ಸಿ ಕೊಟ್ಟ ಅಗ್ಗದ ಯೂನಿಫಾರ್ಮಿಗೂ ಗರಿಗರಿ ಇಸ್ತ್ರಿ. ಸೇರಿದ ಹೊಸತರಲ್ಲಿ ಅವರ ಬೂಟಿನ ಹೊಳಪು ಕಂಡು, "ನಮ್ಮಪ್ಪನ ಬೂಟೂ ಹೀಗೇ" ಎಂದು ಬಾಯಿತಪ್ಪಿ ಅಂದುಬಿಟ್ಟೆ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಪೊಲೀಸು ಅಂದೆ. ಅವರು ಕುರ್ಚಿಯಿಂದ ಎದ್ದು ನಿಂತು ನನ್ನ ಕೈ ಕುಲುಕಿದರು.

"ನಾನೂ ಪೊಲೀಸು. ಇಪ್ಪತ್ತು ವರ್ಷ. ಕೋಸ್ಟರಿಕಾ" ಅಂದರು.

ನಾವಿಬ್ಬರೂ ಆಡುತ್ತಿದ್ದದ್ದು ಹರಕು ಇಂಗ್ಲಿಷು. ಅವರದು ಒಂದು ಕಡೆ ಹರಿದಿದ್ದರೆ ನನ್ನದು ಇನ್ನೊಂದು ಕಡೆ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಆ ಹರಕೆಲ್ಲ ಮುಚ್ಚಿಹೋಗುತ್ತದೆ. ಅವರ ಊರಿನಲ್ಲಿ ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸುತ್ತಾರಂತೆ, ಮಂಡ್ಯದಲ್ಲಿ ನಮ್ಮಜ್ಜಿ ಮಾಡುತ್ತಿದ್ದ ಹಾಗೆಯೇ. ಲಾಬಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಅದನ್ನು ಮಾಡಿ, ಊಟದ ಹೊತ್ತಿಗೆ ನನಗೂ ಒಂದು ಲೋಟ ಇಡುತ್ತಿದ್ದರು. ಮೇಲಿನ ದೊಡ್ಡ ಮಿಷಿನ್ನಿನ ಕಾಫಿ ಬಿಟ್ಟು ನಾನು ದಿನಾ ಕೆಳಗಿಳಿದು ಬರುತ್ತಿದ್ದೆ.

ಅವರ ದೇಶದಲ್ಲಿ ಸೈನ್ಯವೇ ಇಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಅವರು ಚಿಕ್ಕ ಮಗುವಾಗಿದ್ದಾಗಲೇ ಅದನ್ನು ರದ್ದು ಮಾಡಿ, ರಾಜಧಾನಿಯ ದೊಡ್ಡ ಬ್ಯಾರಕ್ಕನ್ನು ಮ್ಯೂಸಿಯಂ ಮಾಡಿದರಂತೆ. ಇರುವುದು ಪೊಲೀಸು ಮಾತ್ರ. ಗಡಿ ಕಾಯುವುದೂ ಅವರೇ, ದನ ಕದ್ದವನನ್ನು ಹಿಡಿಯುವುದೂ ಅವರೇ. ಭಾನುವಾರ ಫೋನ್ ಕಾರ್ಡು ಉಜ್ಜಿ ಮನೆಗೆ ಮಾತಾಡುವಾಗ ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ನಂಬಲಿಲ್ಲ.

"ಮಿಲಿಟ್ರಿನೇ ಇಲ್ವಾ? ಎಲ್ಲಾನ ಉಂಟೇನವ್ವ! ಪಕ್ಕದ್ ದೇಸ್ದೋರು ನುಗ್‌ಬುಟ್ರೆ ಏನ್ ಮಾಡಾರು? ಕೇಳು ಅವ್ರುನ್ನ."

ಸೋಮವಾರ ಕೇಳಿದೆ. ಎಮಿಲಿಯೋ ನಕ್ಕರು. "ಪ್ರಪಂಚಕ್ಕೆಲ್ಲ ಕೇಳುವ ಹಾಗೆ ಕೂಗುತ್ತೇವೆ ಎಂದು ಹೇಳು. ಕೂಗೋದಕ್ಕೆ ಸೈನ್ಯ ಬೇಕಿಲ್ಲ."

ಅಲ್ಲಿಂದ ಶುರುವಾಯಿತು. ಅಪ್ಪ ಭಾನುವಾರ ಒಂದು ಪ್ರಶ್ನೆ ಕೊಡುವರು, ನಾನು ವಾರದಲ್ಲಿ ಉತ್ತರ ತರುವೆ. ಜೊತೆಗೆ ಎಮಿಲಿಯೋ ತಮ್ಮದೊಂದು ಪ್ರಶ್ನೆ ಕಳಿಸುವರು. ಲಾಠಿ ಎಷ್ಟುದ್ದ, ಯಾವ ಮರದ್ದು? ರಾತ್ರಿ ಬೀಟಿಗೆ ಸೈಕಲ್ಲಾ, ನಡಿಗೆಯಾ? ಸರ್ಕಾರ ಬದಲಾದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಗೆ ಅಪ್ಪ, "ಟ್ರಾನ್ಸ್‌ಫರ್ ಆಯ್ತದೆ, ಇನ್ನೇನಾದದು" ಅಂದರು. ಅದನ್ನು ಹೇಳಿದಾಗ ಎಮಿಲಿಯೋ ನಿಟ್ಟುಸಿರುಬಿಟ್ಟರು. ಅವರ ಕಾಲದಲ್ಲಿ ಸರ್ಕಾರ ಬದಲಾದರೆ ಪೊಲೀಸರನ್ನೂ ಮನೆಗೆ ಕಳಿಸಿ ಗೆದ್ದ ಪಕ್ಷದವರನ್ನು ತುಂಬಿಸುತ್ತಿದ್ದರಂತೆ. ಎರಡು ಸಲ ಹಾಗೆ ಹೋಗಿ ವಾಪಸು ಬಂದವರು ಮೂರನೇ ಸಲ ಕರೆಯುವವರಿಲ್ಲದೆ, ಇಲ್ಲಿ ರೆಡ್‌ವುಡ್ ಸಿಟಿಯಲ್ಲಿದ್ದ ತಂಗಿಯ ಮನೆಗೆ ಬಂದಿದ್ದರು. ಇದನ್ನು ಕೇಳಿ ಅಪ್ಪ ಫೋನಿನಲ್ಲಿ ಬಹಳ ಹೊತ್ತು ಲೊಚಗುಟ್ಟಿದರು. ಕಂಡರಿಯದ ಆ ಮನುಷ್ಯನಿಗೆ "ಪೊಲೀಸಪ್ಪ" ಎಂದು ಹೆಸರಿಟ್ಟದ್ದೂ ಅವತ್ತೇ.

ಅಪ್ಪನ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೂಡಲೇ ಸಿಗಲಿಲ್ಲ. "ಊರೊಳಗೆ ಗಲಾಟೆ ಆದ್ರೆ ಮೊದ್ಲು ನಾವು. ನಮ್ ಕೈ ಮೀರುದ್ರೆ ರಿಸರ್ವ್ ಪೊಲೀಸು. ಅವರ್ಗೂ ಆಗ್ದಿದ್ರೆ ಮಿಲಿಟ್ರಿ ಕರೀತಾರೆ. ಮಿಲಿಟ್ರಿನೇ ಇಲ್ದಿರೋ ಅವ್ರಿಗೆ ಹಿಂದ್‌ಗಡೆ ಯಾರವ್ರೆ?"

ಎಮಿಲಿಯೋ ಇದನ್ನು ಒಂದು ದಿನ ಮನಸ್ಸಿನಲ್ಲಿಟ್ಟುಕೊಂಡರು. ಮಾರನೆಯ ದಿನ ಕಾಫಿ ಕೊಡುತ್ತಾ ತಮ್ಮ ಗಡಿಯ ಕಥೆ ಹೇಳಿದರು. ಉತ್ತರದ ನದಿಯ ದಂಡೆಯಲ್ಲಿ ಅವರದೊಂದು ಹಲಗೆಯ ಠಾಣೆ, ನಾಲ್ಕು ಜನ, ಹಳೇ ಬಂದೂಕು ಎರಡು. ಆಚೆ ದೇಶದಲ್ಲಿ ಯುದ್ಧ. ಒಂದು ಬೆಳಿಗ್ಗೆ ಹದಿನೈದು ಇಪ್ಪತ್ತು ಜನ ಬಂದೂಕಿನವರು ದಾಟಿ ಬಂದು ಒಬ್ಬ ರೈತನ ಕೊಟ್ಟಿಗೆಯಲ್ಲಿ ಮಲಗಿದ್ದಾರೆ. ಎಮಿಲಿಯೋ ಬಂದೂಕನ್ನು ಠಾಣೆಯಲ್ಲೇ ಬಿಟ್ಟು, ಕೈಯಲ್ಲಿ ನೋಟ್‌ಪುಸ್ತಕ ಹಿಡಿದು ಹೋದರಂತೆ. ಒಬ್ಬೊಬ್ಬರನ್ನೂ ಎಬ್ಬಿಸಿ ಹೆಸರು, ಊರು ಕೇಳಿ ಬರೆದುಕೊಂಡರಂತೆ. ಬಂದೂಕಿನವರು ನಗುತ್ತಲೇ ಹೇಳಿದರಂತೆ. ಬರೆದು ಮುಗಿಸಿ, "ಇವತ್ತು ಸಂಜೆಯೊಳಗೆ ವಾಪಸು ಹೋಗುತ್ತೇವೆ ಎಂದು ಮಾತು ಕೊಡಿ" ಅಂದರಂತೆ. ಸಂಜೆಗೆ ಕೊಟ್ಟಿಗೆ ಖಾಲಿ.

"ನಿನ್ನ ಅಪ್ಪನಿಗೆ ಹೇಳು, ನಮ್ಮ ಹಿಂದೆ ಯಾರೂ ಇಲ್ಲ. ಅದು ನಮಗೂ ಗೊತ್ತು, ಎದುರಿಗೆ ನಿಂತವನಿಗೂ ಗೊತ್ತು. ಹಾಗಾಗಿ ಅವನ ಮಾತನ್ನು ನಾವು ನಂಬಲೇಬೇಕು. ನಂಬಿದ್ದು ಕೆಲವು ಸಲ ತಪ್ಪಾಗುತ್ತದೆ. ಆದರೂ ಬೇರೆ ದಾರಿ ಇಲ್ಲ."

ಅಪ್ಪ ಇದನ್ನು ಕೇಳಿ "ಭಾರಿ ಕಷ್ಟುದ್ ಡ್ಯೂಟಿ ಕನವ್ವ" ಅಂದರು. ಆ ಸ್ವರದಲ್ಲಿ ಅವರು ಯಾವ ಇನ್‌ಸ್ಪೆಕ್ಟರರ ಬಗ್ಗೆಯೂ ಮಾತಾಡಿದ್ದು ನಾನು ಕೇಳಿರಲಿಲ್ಲ.

ಆ ಅಕ್ಟೋಬರಿನಲ್ಲಿ ಆಫೀಸಿನಲ್ಲಿ ಆಯುಧಪೂಜೆ ಮಾಡಿದೆವು. ಮುಂದಾಳು ಪ್ರಕಾಶ. ಅವರು ಹಾಸನದವರು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾನು ಬಂದಿಳಿದ ವಾರ ಅಪಾರ್ಟ್‌ಮೆಂಟು ಹುಡುಕಿಕೊಟ್ಟವರು, ಫ್ರೀವೇ ಮೇಲೆ ಕಾರು ಓಡಿಸಲು ಕಲಿಸಿದವರು, ಅವರ ಮನೆಯಲ್ಲಿ ಉಂಡ ಹುರುಳಿಕಾಳಿನ ಸಾರಿಗೆ ಲೆಕ್ಕವಿಲ್ಲ. ಅವರ ಮೇಜಿನ ಮೇಲೆ ಮನೆದೇವರು ರಂಗನಾಥಸ್ವಾಮಿಯ ಕಟ್ಟು ಹಾಕಿಸಿದ ಫೋಟೊ ಇತ್ತು. ಅದರ ಮುಂದೆ ಊದುಬತ್ತಿ ಹಚ್ಚಿ ಸರ್ವರುಗಳಿಗೆಲ್ಲ ಕುಂಕುಮ ಇಟ್ಟೆವು. ಊದುಬತ್ತಿಯ ಹೊಗೆಗೆ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ರಸ್ತೆಗಿಳಿಯಿತು. ಬಂದ ಫೈರ್ ಇಂಜಿನ್ನಿನವರಿಗೆ ಏನೋ ಸಮಜಾಯಿಷಿ ಹೇಳಿ ಕಳಿಸಿದವರು ಎಮಿಲಿಯೋ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕಂಪ್ಯೂಟರಿಗೆ ಪೂಜೆ ಯಾಕೆ ಎಂದು ಕೇಳಿದರು. ಅನ್ನ ಕೊಡುವ ಸಾಮಾನು, ನಮ್ಮಪ್ಪ ಲಾಠಿಗೂ ಮಾಡ್ತಾರೆ ಅಂದೆ. ಅವರು ತಲೆದೂಗಿ, ತಮ್ಮ ಮೇಜಿನ ಮೇಲಿನ ಟಾರ್ಚಿಗೂ ಒಂದು ಬೊಟ್ಟು ಇಡಿಸಿಕೊಂಡರು.

ವರ್ಷ ತಿರುಗುವ ಹೊತ್ತಿಗೆ ಗಾಳಿ ಬದಲಾಗಿತ್ತು. ಶುಕ್ರವಾರದ ಊಟ ನಿಂತಿತು. ಪಾರ್ಕಿಂಗ್ ಲಾಟಿನಲ್ಲಿ ಜಾಗ ಸುಲಭವಾಗಿ ಸಿಗತೊಡಗಿತು. ಫೆಬ್ರವರಿಯ ಒಂದು ಗುರುವಾರ, ಹೊರಗೆ ಜಡಿಮಳೆ ಹಿಡಿದಿದ್ದಾಗ, ಮೂವತ್ತು ಜನರನ್ನು ಒಂದೇ ಮೀಟಿಂಗಿಗೆ ಕರೆದು, ಅಲ್ಲಿಂದ ಹಾಗೆಯೇ ಹೊರಗೆ ಕಳಿಸಿದರು. ಮೇಜಿಗೆ ಮರಳಲು ಬಿಡಲಿಲ್ಲ. ಸಾಮಾನು ಆಮೇಲೆ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ ಅಂದರು. ಪ್ರಕಾಶ ಆ ಮೂವತ್ತರಲ್ಲಿದ್ದರು. ನನ್ನ ಹೆಸರು ಇರಲಿಲ್ಲ. ಮುಂದಿನ ಪಟ್ಟಿಯಲ್ಲಿ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮಂಥವರಿಗೆ ಕೆಲಸ ಹೋದರೆ ವೀಸಾ ಹೋದ ಹಾಗೆ, ವೀಸಾ ಹೋದರೆ ಮಂಡ್ಯದ ಬಸ್ಸು ಹತ್ತಿದ ಹಾಗೆ.

ಶನಿವಾರ ಬೆಳಿಗ್ಗೆ ಬಾಕಿ ಕೆಲಸ ಮುಗಿಸಲು ನಾನು ಆಫೀಸಿಗೆ ಹೋಗಿದ್ದೆ. ಹತ್ತು ಗಂಟೆಗೆ ಪ್ರಕಾಶ ಕೆಳಗಿನಿಂದ ಫೋನು ಮಾಡಿದರು.

"ಸವಿತಾ, ಲಾಬಿನಲ್ಲಿದ್ದೀನಿ. ಒಳಗೆ ಬಿಡ್ತಿಲ್ಲ ಕಣ್ರಿ. ದೇವ್ರ ಫೋಟೊ ಮೇಲೆ ಉಳ್ಕೊಂಡ್ಬಿಟ್ಟಿದೆ. ಅವ್ರು ಪ್ಯಾಕ್ ಮಾಡ್ವಾಗ ಏನ್ ಮಾಡ್ತಾರೋ, ಟ್ರ್ಯಾಶ್‌ಗೇ ಎಸೀತಾರೋ! ನಮ್ಮಮ್ಮ ಕೊಟ್ಟಿದ್ದು."

ಓಡಿ ಇಳಿದೆ. ಪ್ರಕಾಶ ಮಳೆಯಲ್ಲಿ ನೆನೆದು ಬಂದು ನಿಂತಿದ್ದರು. ಎಮಿಲಿಯೋ ನಿಯಮ ಹೇಳಿದರು. ಕೆಲಸದಿಂದ ತೆಗೆದವರು ಒಳಗೆ ಬರಬೇಕಾದರೆ ಒಬ್ಬ ಮ್ಯಾನೇಜರು ಸಹಿ ಮಾಡಿ, ಉದ್ದಕ್ಕೂ ಜೊತೆಗಿರಬೇಕು. ಶನಿವಾರ ಮ್ಯಾನೇಜರು ಯಾರಿದ್ದಾರೆ? ನಾನು ಸಹಿ ಮಾಡುತ್ತೇನೆ ಅಂದೆ. ನಿನ್ನ ಸಹಿ ನಡೆಯುವುದಿಲ್ಲ ಅಂದರು. ದೇವರ ಫೋಟೊ, ಅವರ ತಾಯಿ ಕೊಟ್ಟದ್ದು, ಹತ್ತು ನಿಮಿಷದ ಕೆಲಸ, ನಾನಿದ್ದೀನಲ್ಲ ಅಂದೆ. ಅವರು ಪ್ರಕಾಶನನ್ನು ನೋಡಿದರು, ನನ್ನನ್ನು ನೋಡಿದರು.

"ನೀನು ಪಕ್ಕದಲ್ಲೇ ಇರುತ್ತೀಯ?"

"ಇರ್ತೀನಿ."

ಪುಸ್ತಕದಲ್ಲಿ ಪ್ರಕಾಶನ ಹೆಸರು ಬರೆದರು. ಜೊತೆಗಿರುವವರ ಹೆಸರು ಎನ್ನುವ ಜಾಗದಲ್ಲಿ ತಮ್ಮ ಹೆಸರನ್ನೇ ಬರೆದು ಸಹಿ ಹಾಕಿದರು.

ಮೇಲೆ ಹೋದ ಮೇಲೆ ಪ್ರಕಾಶ ಖಾಲಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ತಮ್ಮ ಮೇಜಿನ ಮುಂದೆ ಕೂತರು. ಚಪ್ಪಲಿ ಬಿಟ್ಟು, ಫೋಟೊವನ್ನು ಕಣ್ಣಿಗೊತ್ತಿಕೊಂಡರು. ಭುಜ ಅಲುಗುತ್ತಿತ್ತು. "ಎರಡ್ ನಿಮಿಷ ಬಿಡ್ತೀರಾ?" ಅಂದರು. ನಮ್ಮವರನ್ನು ಕಳ್ಳನನ್ನು ಕಾದ ಹಾಗೆ ಕಾಯುತ್ತಾ ನಿಲ್ಲುವುದು ಯಾರಿಂದಾಗುತ್ತದೆ? ಅನ್ನ ಹಾಕಿದ ಮನೆಯವರು, ಅಳುತ್ತಿದ್ದಾರೆ, ಕೈಯಲ್ಲಿ ದೇವರು. ನಾನು ಕಾಫಿ ಮಿಷಿನ್ನಿನ ಕಡೆ ಹೋಗಿ, ಬೇಕೆಂದೇ ನಿಧಾನ ಮಾಡಿದೆ.

ವಾಪಸು ಬಂದಾಗ ಪೆಟ್ಟಿಗೆ ಮುಚ್ಚಿತ್ತು. ಮೇಲುಗಡೆ ಫೋಟೊ, ಹಾರ, ಕುಂಕುಮದ ಡಬ್ಬಿ. ಪ್ರಕಾಶ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರೆಂದು ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ. ಇಲ್ಲಿ ನಾನು ನಿಜ ಬರೆಯಬೇಕು. ಎತ್ತಿದ ಕೂಡಲೇ ಅದರ ಭಾರ ನನಗೆ ಗೊತ್ತಾಯಿತು. ಒಂದು ಫೋಟೊ, ಒಂದು ಡಬ್ಬಿ ಅಷ್ಟು ತೂಗುವುದಿಲ್ಲ. ಗೊತ್ತಾಗಿಯೂ ಪುಸ್ತಕಗಳಿರಬಹುದು ಅಂದುಕೊಂಡೆ. ಅಂದುಕೊಳ್ಳಲು ಪ್ರಯತ್ನಪಟ್ಟೆ.

ಲಾಬಿಯಲ್ಲಿ ಎಮಿಲಿಯೋ ಎದ್ದು ನಿಂತು, ಪೆಟ್ಟಿಗೆಯೊಳಗೆ ನೋಡಲು ಕೈ ಚಾಚಿದರು. ಅದು ಅವರ ಕೆಲಸ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಬೇಡ, ದೇವರ ಫೋಟೊ. ಬೇರೆಯವರು ಮುಟ್ಟಬಾರದು" ಅಂದೆ.

ಹಾಗೊಂದು ನಿಯಮವೇ ಇಲ್ಲ. ಆ ಫೋಟೊವನ್ನು ಆಯುಧಪೂಜೆಯ ದಿನ ಅರ್ಧ ಆಫೀಸು ಮುಟ್ಟಿತ್ತು. ಎಮಿಲಿಯೋ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಟೋಪಿ ತೆಗೆದು, ಹಣೆ ಎದೆ ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿದರು. ಬಾಗಿಲನ್ನು ತಾವೇ ತೆರೆದು ಹಿಡಿದರು. ಮಳೆಯಲ್ಲಿ ಪೆಟ್ಟಿಗೆಯನ್ನು ಕಾರಿನ ಟ್ರಂಕಿನಲ್ಲಿಟ್ಟು ಬಂದೆ.

ಸೋಮವಾರ ಬೆಳಿಗ್ಗೆ ಗಲಾಟೆ. ಗಿರಾಕಿಗಳಿಗೆ ತೋರಿಸುವ ಡೆಮೊ ಇದ್ದ ಲ್ಯಾಪ್‌ಟಾಪು ಕಾಣೆಯಾಗಿತ್ತು. ಲಾಬಿಯ ಪುಸ್ತಕ ತೆಗೆದು ನೋಡಿದ ಮೇಲೆ ಯಾರು ಬಂದದ್ದು, ಯಾರು ಬಿಟ್ಟದ್ದು ಎಲ್ಲ ಸ್ಪಷ್ಟವಾಗಿತ್ತು. ಶನಿವಾರ ನನ್ನ ಬ್ಯಾಡ್ಜೂ ಬಾಗಿಲಿಗೆ ತಾಗಿದ್ದರಿಂದ ಹೆಚ್.ಆರ್. ಹೆಂಗಸು ನನ್ನನ್ನು ಕರೆಸಿದಳು. ಬಾತ್‌ರೂಮಿಗೆ ಹೋಗಿ ಪ್ರಕಾಶನಿಗೆ ಫೋನು ಮಾಡಿದೆ.

"ಅದ್ರಲ್ಲಿರೋದೆಲ್ಲ ನಾನೇ ಬರ್ದಿದ್ದ ಕೋಡು ಸವಿತಾ. ಎರಡು ವರ್ಷದ್ದು. ನಂದಲ್ದೆ ಇನ್ಯಾರ್ದು?" ಅಂದರು. ಆಮೇಲೆ ದನಿ ತಗ್ಗಿಸಿ, "ನೀವು ಸುಮ್ನಿರಿ. ಸೆಕ್ಯುರಿಟಿಯವನಿಗೆ ಇನ್ನೊಂದ್ ಕೆಲ್ಸ ಸಿಗುತ್ತೆ. ನಿಮ್ಗೆ ಇನ್ನೊಂದ್ ವೀಸಾ ಸಿಗಲ್ಲ" ಅಂದರು.

ಹೆಚ್.ಆರ್. ಕೋಣೆಯಲ್ಲಿ ಕೇಳಿದ್ದು ನಾಲ್ಕೇ ಮಾತು. ಶನಿವಾರ ಅವನನ್ನು ನೋಡಿದೆಯಾ? ನೋಡಿದೆ. ಒಳಗೆ ಬಿಟ್ಟವರು ಯಾರು? ಸೆಕ್ಯುರಿಟಿ. ಹೋಗುವಾಗ ಪೆಟ್ಟಿಗೆ ತೆರೆದು ನೋಡಿದರಾ? ಇಲ್ಲ. ಯಾಕೆ ನೋಡಲಿಲ್ಲ?

"ನನಗೆ ಗೊತ್ತಿಲ್ಲ. ಅದು ಸೆಕ್ಯುರಿಟಿಯವರ ಕೆಲಸ ಅಲ್ಲವೇ?" ಅಂದೆ.

ಆ ಹೆಂಗಸು ಥ್ಯಾಂಕ್ಯೂ ಹೇಳಿ ಕಳಿಸಿದಳು. ಮೇಜಿಗೆ ಹೋಗಿ ಕೂತು, ಬಾಗಿಲು ಕಿಟಕಿಯ ಪುಟಗಳನ್ನು ಸಂಜೆಯವರೆಗೂ ಟೆಸ್ಟ್ ಮಾಡಿದೆ. ಒಮ್ಮೆಯೂ ಕೆಳಗಿಳಿಯಲಿಲ್ಲ. ಐದೂವರೆಗೆ ಇಳಿದಾಗ ಮೇಜಿನ ಹಿಂದೆ ಬೇರೆ ಯಾರೋ ಕೂತಿದ್ದರು. ಎಮಿಲಿಯೋರನ್ನು ಮಧ್ಯಾಹ್ನವೇ ಕೆಲಸದಿಂದ ತೆಗೆದು ಕಳಿಸಿದ್ದರು.

ಭಾನುವಾರ ಅಪ್ಪನ ಪ್ರಶ್ನೆ ಸಿದ್ಧವಾಗಿತ್ತು. "ಅವ್ರಿಗೆ ಪಿಂಚಣಿ ಬತ್ತದಾ ಕೇಳ್ದಾ ನಿಮ್ ಪೊಲೀಸಪ್ಪುನ್ನ?"

"ಅವ್ರು ಊರಿಗೆ ಹೊಂಟೋದ್ರು ಅಪ್ಪಾಜಿ" ಅಂದೆ.

"ಒಂದ್ ಮಾತೂ ಯೋಳ್ದೇನೆ?" ಅಂದರು ಅಪ್ಪ. ಅವರಿಗೆ ಬೇಜಾರಾಗಿತ್ತು.

ಮೂರು ವಾರ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ನಾಲ್ಕನೇ ಶನಿವಾರ ರೆಡ್‌ವುಡ್ ಸಿಟಿಗೆ ಹೋದೆ. ತಂಗಿಯ ಮನೆ ಯಾವ ಬೇಕರಿಯ ಹಿಂದೆ ಎಂದು ಅವರೇ ಯಾವತ್ತೋ ಹೇಳಿದ್ದು ನೆನಪಿತ್ತು. ಬಾಗಿಲು ತೆರೆದವರು ಬನಿಯನ್ನಿನಲ್ಲಿದ್ದರು. ನನ್ನನ್ನು ಕಂಡು ಒಳಗೆ ಹೋಗಿ, ಅಂಗಿ ಹಾಕಿ ಗುಂಡಿ ಎಲ್ಲ ಹಾಕಿಕೊಂಡು ಬಂದು ಕೂತರು. ಸೆಕ್ಯುರಿಟಿ ಏಜೆನ್ಸಿ ಅವರನ್ನು ಮತ್ತೆ ಎಲ್ಲೂ ಹಾಕಿರಲಿಲ್ಲ. ತಂಗಿಯ ಗಂಡನ ಜೊತೆ ಹುಲ್ಲು ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ಎಲ್ಲ ಹೇಳಿದೆ. ಹೆಚ್.ಆರ್. ಕೋಣೆಯಲ್ಲಿ ಏನಂದೆ ಎನ್ನುವುದನ್ನೂ ಹೇಳಿದೆ.

"ಪೆಟ್ಟಿಗೆ ಭಾರ ಇತ್ತು. ನೀನು ನಡೆದ ರೀತಿಯಲ್ಲೇ ಕಂಡಿತು" ಅಂದರು.

"ಮತ್ತೆ ಯಾಕೆ ಬಿಟ್ಟಿರಿ?"

"ಪೊಲೀಸನ ಮಗಳು ಹೇಳುತ್ತಿದ್ದಾಳೆ ಅಂತ ಬಿಟ್ಟೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು ಅಷ್ಟೇ.

"ನಿನ್ನ ಹೆಸರು ನಾನು ಹೇಳಲಿಲ್ಲ. ನೀನೇ ಇಳಿದು ಬಂದು ಹೇಳುತ್ತೀಯ ಅಂದುಕೊಂಡೆ. ಅವರು ಹೊರಡು ಅನ್ನುವವರೆಗೂ ಮೆಟ್ಟಿಲ ಕಡೆ ನೋಡುತ್ತಿದ್ದೆ."

ಸೋಮವಾರವೇ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ ಅಂದೆ. ಅವರು ತಲೆಯಾಡಿಸಿದರು. "ಈಗ ಹೇಳಿದರೆ ನನ್ನ ಕೆಲಸ ವಾಪಸು ಬರುವುದಿಲ್ಲ. ನಿನ್ನದು ಹೋಗುತ್ತದೆ. ಸುಮ್ಮನಿರು."

ಆ ಮಾತು ಕೇಳಿದಾಗ ನನಗಾದದ್ದು ಸಮಾಧಾನ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ಈಗ ಬರೆಯುತ್ತಿರುವ ಕೈ ಹಿಂಜರಿಯುತ್ತದೆ. ಎರಡನೇ ಸಲ ಒತ್ತಾಯ ಮಾಡಲಿಲ್ಲ. ಕಾರು ಹತ್ತಿ ಒಂದು ನಿಟ್ಟುಸಿರು ಬಿಟ್ಟೆ, ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಸೋಮವಾರ ಹೋಗಿ ಹೇಳಲಿಲ್ಲ, ಮಂಗಳವಾರವೂ ಇಲ್ಲ. ಜೂನಿನಲ್ಲಿ ಕಂಪನಿಯೇ ಮುಚ್ಚಿತು. ಅಷ್ಟು ಜೋಪಾನವಾಗಿ ಕಾಪಾಡಿಕೊಂಡ ಕೆಲಸ ನಾಲ್ಕು ತಿಂಗಳು ಬಾಳಿತು. ನನಗೆ ಇನ್ನೊಂದು ಕೆಲಸ, ಇನ್ನೊಂದು ವೀಸಾ ಎರಡೂ ಸಿಕ್ಕವು. ಪ್ರಕಾಶ ಬೆಂಗಳೂರಿಗೆ ಹೋದರು. ರೆಡ್‌ವುಡ್ ಸಿಟಿಗೆ ನಾನು ಮತ್ತೆ ಹೋಗಲಿಲ್ಲ.

ಅಪ್ಪನಿಗೆ ಹೇಳಿದ್ದು ಅವರು ರಿಟೈರಾದ ವರ್ಷ. ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಜಗುಲಿಯ ಬಿಸಿಲಿನಲ್ಲಿ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಅವರಾಗಿ, "ಆ ಪೊಲೀಸಪ್ಪ ಈಗ ಹೆಂಗವ್ರೋ" ಅಂದರು. ತಡೆಯಲಾಗಲಿಲ್ಲ. ಶನಿವಾರದ ಮಳೆಯಿಂದ ಹಿಡಿದು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದರೆ ಹಗುರಾಗುತ್ತೇನೆ ಅಂತಲೂ ಆಸೆಯಿತ್ತು. ಅಪ್ಪ ಬೈಯಲಿಲ್ಲ. ಮಡಿಲಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಮುಗಿಸಿದರು, ಸಿಪ್ಪೆಯನ್ನೆಲ್ಲ ಒಟ್ಟು ಮಾಡಿದರು. ಆಮೇಲೆ ನನ್ನ ಮುಖ ನೋಡದೆ ಒಂದೇ ಮಾತು ಕೇಳಿದರು.

"ನನ್ ಮಗ್ಳು ಅಂತ ಅವ್ರಿಗೆ ಯಾಕವ್ವ ಯೋಳ್ದೆ?"